ಪ್ಯಾಡಿಂಗ್ ಜಾಸ್ತಿ

ಬೆಳಿಗ್ಗೆ ಹತ್ತೂವರೆಗೆ ಹಂಗಾಮಿಯ ಕಾಲ ಬುಡಕ್ಕೆ ಹಾರಿ ಬಂದು ಬಿದ್ದ ಚೀಟಿ ಅಂಗೈಯಗಲವೂ ಇರಲಿಲ್ಲ. ಅದರಲ್ಲಿ ಹಸಿರು ಶಾಯಿಯಲ್ಲಿ ಬರೆದದ್ದು ಐದೇ ಪದ: 'ಪ್ಯಾಡಿಂಗ್ ಜಾಸ್ತಿ. ತೆಗೆದು ಇವತ್ತೇ ತನ್ನಿ.'

ಆ ಕಚೇರಿಯಲ್ಲಿ ಹಸಿರು ಶಾಯಿ ಇದ್ದದ್ದು ಸಾಹೇಬರ ಪೆನ್ನಿನಲ್ಲಿ ಮಾತ್ರ. ಅಟೆಂಡರ್ ಆಗಷ್ಟೇ ಸಾಹೇಬರ ಕೋಣೆಯಿಂದ ಒಂದು ತೆಕ್ಕೆ ಕಾಗದ ತಂದು ಹಂಗಾಮಿಯ ಮೇಜಿನ ಮೇಲೆ ಸುರಿದಿದ್ದ. ಫ್ಯಾನಿನ ಗಾಳಿಗೆ ಅರ್ಧ ಕಾಗದ ಹಾರಿಹೋದಾಗ ಅವನ್ನೆಲ್ಲ ಬಾಚಿ ಗುಡ್ಡೆ ಹಾಕಿ, ಅದರ ಮೇಲೆ ಗೋಂದಿನ ಬಾಟಲಿ ಇಟ್ಟು ಹೋಗಿದ್ದ. ಈ ಚೀಟಿಯೊಂದು ಮಾತ್ರ ಕೆಳಗೆ ಉಳಿದುಹೋಗಿತ್ತು. ಅದರ ಮೂಲೆಯಲ್ಲಿ ಗುಂಡುಸೂಜಿ ಚುಚ್ಚಿದ ಎರಡು ತೂತು ಇದ್ದವು. ತೂತನ್ನು ಯಾರು ನೋಡುತ್ತಾರೆ? ಹಂಗಾಮಿ ನೋಡಿದ್ದು ಹಸಿರು ಶಾಯಿಯನ್ನು.

ಹಂಗಾಮಿ ಎನ್ನುವುದು ಅವನ ಹೆಸರಲ್ಲ, ಸ್ಥಿತಿ. ನೀರು ಸರಬರಾಜು ಕಚೇರಿಗೆ ಮೂರು ವರ್ಷದ ಹಿಂದೆ ಮೂರು ತಿಂಗಳ ಮಟ್ಟಿಗೆ ಹಂಗಾಮಿ ಗುಮಾಸ್ತನಾಗಿ ಸೇರಿದವನು ಇನ್ನೂ ಹಾಗೆಯೇ ಇದ್ದ. ಜನ ಬರೆದ ದೂರುಗಳಿಗೆ ಉತ್ತರ ಬರೆಯುವುದು ಅವನ ಕೆಲಸ. ನಾಲ್ಕು ದಿನದಿಂದ ನಲ್ಲಿಯಲ್ಲಿ ಹನಿ ನೀರಿಲ್ಲ ಎಂದು ಯಾರಾದರೂ ಬರೆದರೆ, 'ತಮ್ಮ ಅಮೂಲ್ಯವಾದ ಪತ್ರ ಕೈಸೇರಿ ಅತೀವ ಸಂತೋಷವಾಯಿತು' ಎಂದು ಶುರುಮಾಡುತ್ತಿದ್ದ. ಪೈಪು ಒಡೆದಿದೆ ಎನ್ನುವ ವಿಷಯ ಎರಡನೆಯ ಹಾಳೆಯ ಕೊನೆಗೆ ಬರುತ್ತಿತ್ತು. ಅಲ್ಲಿವರೆಗೆ ಓದುವಷ್ಟರಲ್ಲಿ ಪೈಪು ರಿಪೇರಿಯಾಗಿರುತ್ತಿದ್ದದ್ದೂ ಉಂಟು.

ಕಚೇರಿಯವರು ಹಂಗಾಮಿ ಎಂದು ಕರೆದರೆ ಅವನಿಗೆ ಬೇಸರವಿರಲಿಲ್ಲ. ಹೆಂಡತಿಯ ಅಣ್ಣ ಮನೆ ತುಂಬ ಜನರಿರುವಾಗ "ಇವರು ನಮ್ಮನೆ ಹಂಗಾಮಿ ಅಳಿಯ" ಎಂದು ಪರಿಚಯ ಮಾಡಿಸಿದಾಗ ಮಾತ್ರ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದ. ಹೋದ ವಾರ ಮಗಳು ಶಾಲೆಯ ಫಾರಮ್ಮಿನಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ ಮುದ್ದಾದ ಅಕ್ಷರದಲ್ಲಿ 'ಹಂಗಾಮಿ' ಎಂದು ತುಂಬಿಸಿಕೊಂಡು ಬಂದಿದ್ದಳು. ಅವತ್ತು ಅವನಿಗೆ ಊಟ ಸೇರಲಿಲ್ಲ.

ಇದೆಲ್ಲ ಇವತ್ತಿಗೆ ಮುಗಿಯಬೇಕಿತ್ತು. ತನ್ನನ್ನು ಕಾಯಂ ಮಾಡಬೇಕೆಂದು ಕೋರಿ ಅವನು ಬರೆದ ನಾಲ್ಕು ಪುಟದ ಅರ್ಜಿ ಸಾಹೇಬರ ಮೇಜು ತಲುಪಿತ್ತು. ಕೊನೆಯ ಹಾಳೆಯ ಬೆನ್ನಿಗೆ ಹೆಡ್‌ಕ್ಲರ್ಕ್ ಮೇಡಂ ಶಿಫಾರಸು ಬರೆದು ಮೊಹರು ಒತ್ತಿದ್ದರು. ಉಳಿದದ್ದು ಸಾಹೇಬರ ಹಸಿರು ಸಹಿಯೊಂದೇ. ಆದರೆ ಸಾಹೇಬರಿಗೆ ಇವತ್ತು ಕೊನೆಯ ದಿನ. ಸಂಜೆ ಐದಕ್ಕೆ ನಿವೃತ್ತಿ. ಐದಕ್ಕೇ ಹೊಸ ಅಧಿಕಾರಿ ಬಂದು ಕುರ್ಚಿ ಹಿಡಿಯುವವರಿದ್ದರು. ಹೊಸಬರೆಂದರೆ ಎಲ್ಲ ಮೊದಲಿನಿಂದ. ಅವರು ಇವನನ್ನು ನೋಡಬೇಕು, ಅಳೆಯಬೇಕು, ತೂಗಬೇಕು. ಅಷ್ಟರಲ್ಲಿ ಮಗಳು ಹೈಸ್ಕೂಲು ಮುಗಿಸಿರುತ್ತಾಳೆ.

ಹಾಗಾಗಿ ಅವನು ಚೀಟಿಯನ್ನು ಮೂರು ಸಲ ಓದಿದ. ಸಹಿ ಬೀಳಬೇಕಾದ ದಿನವೇ ಸಾಹೇಬರು ಏನೋ ಹೇಳಿದ್ದಾರೆ, ಏನೆಂದು ತಿಳಿಯುತ್ತಿಲ್ಲ. ನೇರ ಹೋಗಿ ಕೇಳಬಹುದಿತ್ತಲ್ಲ ಎಂದು ನೀವು ಹೇಳುತ್ತೀರಿ. ನೀವು ಆ ಸಾಹೇಬರನ್ನು ಕಂಡವರಲ್ಲ. ಅವರು ಮಾತನ್ನು ಹನಿ ಲೆಕ್ಕದಲ್ಲಿ ಬಿಡುವವರು. ಹಿಂದೊಮ್ಮೆ ಒಬ್ಬ ಗುಮಾಸ್ತ 'ನೋಡಿ' ಎಂಬ ಚೀಟಿ ಹಿಡಿದುಕೊಂಡು ಹೋಗಿ ಏನು ನೋಡಲಿ ಎಂದು ಕೇಳಿದ್ದ. 'ಸರಿಯಾಗಿ ನೋಡಿ' ಎಂಬ ಇನ್ನೊಂದು ಚೀಟಿ ಸಿಕ್ಕಿತು. ಆಮೇಲೆ ಅವನ ಕಡತ ಎಲ್ಲ ಕಡತಗಳ ಅಡಿಗೆ ಹೋಗಿ, ಎರಡು ವರ್ಷ ಅಲ್ಲೇ ಇತ್ತು.

ಪ್ಯಾಡಿಂಗ್ ಎಂದರೇನು? ಹಂಗಾಮಿ ತನ್ನ ಮೈ ನೋಡಿಕೊಂಡ. ಅಲ್ಲೇ ಉತ್ತರ ಸಿಕ್ಕಂತಾಯಿತು. ಬೀಳ್ಕೊಡುಗೆ ಸಮಾರಂಭಕ್ಕೆಂದು ಹೆಂಡತಿಯ ಅಣ್ಣನಿಂದ ಬೇಡಿ ತಂದ ಕೋಟು ಹಾಕಿಕೊಂಡಿದ್ದ. ಅದರ ಎರಡೂ ಭುಜದೊಳಗೆ ದಪ್ಪನೆಯ ಹತ್ತಿಯ ಮೆತ್ತೆ. ಅದನ್ನು ತೊಟ್ಟು ಬಾಗಿಲಲ್ಲಿ ಬಂದರೆ ಭುಜ ಮೊದಲು ಒಳಗೆ ಬಂದು, ಆಮೇಲೆ ಅವನು ಬರುತ್ತಿದ್ದ. ಬೆಳಿಗ್ಗೆ ಮೆಟ್ಟಿಲ ಹತ್ತಿರ ಎದುರಾದ ಸಾಹೇಬರು ಆ ಭುಜಗಳನ್ನು ಒಂದು ಗಳಿಗೆ ನೆಟ್ಟ ನೋಟದಿಂದ ನೋಡಿ, ಏನೂ ಹೇಳದೆ ಮುಂದೆ ಹೋಗಿದ್ದರು.

ಅವನು ಸ್ಟೇಷನರಿ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ. ಪೆನ್ಸಿಲ್ ಹೆರೆಯುವ ಬ್ಲೇಡಿನಿಂದ ಒಳಗಿನ ಹೊಲಿಗೆ ಬಿಚ್ಚಿ, ಎರಡೂ ಮೆತ್ತೆಗಳನ್ನು ಕಿತ್ತು ತೆಗೆದ. ಮತ್ತೆ ತೊಟ್ಟುಕೊಂಡಾಗ ಭುಜಗಳು ತೋಳಿನ ಅರ್ಧಕ್ಕೆ ಜಾರಿದವು, ಅಂಗೈ ಕಾಣದಾಯಿತು. ಭಾವನಿಗೆ ಏನು ಹೇಳುವುದು ಎಂಬ ಯೋಚನೆ ಬಂತು. ಕಾಯಂ ಆದಮೇಲೆ ಹೇಳಿದರಾಯಿತು, ಕಾಯಂ ನೌಕರನ ಮಾತಿಗೆ ತೂಕ ಇರುತ್ತದೆ ಎಂದುಕೊಂಡು ಸಾಹೇಬರ ಕೋಣೆಗೆ ನಡೆದ.

ಸಾಹೇಬರು ತಲೆ ಎತ್ತಿದರು. "ತೆಗೆದ್ರಾ?"

"ತೆಗೆದೆ ಸರ್."

"ಎಲ್ಲಿ, ಕೊಡಿ."

ಹಂಗಾಮಿ ಜೇಬಿನಿಂದ ಎರಡು ಹತ್ತಿಯ ಮೆತ್ತೆ ತೆಗೆದು, ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಜೋಡಿಸಿಟ್ಟ. ಸಾಹೇಬರು ಮೆತ್ತೆಗಳನ್ನು ನೋಡಿದರು, ಇವನನ್ನು ನೋಡಿದರು, ಮತ್ತೆ ಮೆತ್ತೆಗಳನ್ನು ನೋಡಿದರು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅವರು ರಿಸೀವರ್ ಕಿವಿಗಿಟ್ಟುಕೊಂಡು, ಇನ್ನೊಂದು ಕೈಯಿಂದ ಮೆತ್ತೆಗಳನ್ನು ಇವನ ಕಡೆಗೆ ತಳ್ಳಿ, "ಇದಲ್ಲ" ಎಂದರು.

ಇದಲ್ಲದಿದ್ದರೆ ಇನ್ನು ಯಾವುದು? ಮೆತ್ತೆಗಳನ್ನು ಜೇಬಿಗೆ ತುರುಕಿಕೊಂಡು ಹೊರಬಂದವನ ಮುಖ ಹುಳ್ಳಗಾಗಿದ್ದನ್ನು ಮೊದಲು ಗಮನಿಸಿದವರು ಹೆಡ್‌ಕ್ಲರ್ಕ್ ಮೇಡಂ. ಬೇರೆಯವರ ಕಷ್ಟದಲ್ಲಿ ಭಾಗಿಯಾಗದಿದ್ದರೆ ಅವರಿಗೆ ಕುಡಿದ ಟೀ ಮೈಗೆ ಹತ್ತುವುದಿಲ್ಲ. ಚೀಟಿ ಇಸಿದುಕೊಂಡು ಓದಿ, ಕನ್ನಡಕವನ್ನು ಹಣೆಗೇರಿಸಿ, ಪಾಠ ಹೇಳುವ ದನಿಯಲ್ಲಿ ವಿವರಿಸಿದರು. ಪ್ಯಾಡಿಂಗ್ ಅಂದರೆ ಬಟ್ಟೆಯ ವಿಷಯವಲ್ಲ, ಬರವಣಿಗೆಯ ವಿಷಯ. ಹೇಳಬೇಕಾದದ್ದು ಒಂದು ಸಾಲು, ಬರೆದದ್ದು ಹತ್ತು ಸಾಲು ಆದರೆ ಉಳಿದ ಒಂಬತ್ತು ಸಾಲು ಪ್ಯಾಡಿಂಗು. ಸಂಜೆಯ ಸಮಾರಂಭದಲ್ಲಿ ಮೇಡಂ ಓದಬೇಕಾದ ಬೀಳ್ಕೊಡುಗೆ ಭಾಷಣ ಬರೆದವನು ಹಂಗಾಮಿ. ಅದರ ಪ್ರತಿ ನಿನ್ನೆ ಸಾಹೇಬರ ಹತ್ತಿರ ಹೋಗಿತ್ತು.

"ಅದನ್ನೇ ಹೇಳಿರೋದು ಅವರು. ನಿಮ್ಮ ಭಾಷಣ ಓದೋಕೆ ಕೂತ್ರೆ ನಡುವೆ ಎದ್ದು ಒಂದು ಸಲ ಮನೆಗೆ ಹೋಗಿ ಬರಬಹುದು" ಎಂದರು ಮೇಡಂ.

ಹಂಗಾಮಿಗೆ ಇದು ಸರಿ ಎನ್ನಿಸಿತು. ಕೆಂಪು ಪೆನ್ನು ಹಿಡಿದು ಕೂತ. 'ಸಾಗರದಂಥ ಗಾಂಭೀರ್ಯ' ಹೋಯಿತು. 'ಹಿಮಾಲಯದೆತ್ತರದ ವ್ಯಕ್ತಿತ್ವ'ವೂ ಹೋಯಿತು, ಅದು ಹೇಗಿದ್ದರೂ ಐದಡಿ ಎರಡಂಗುಲದ ಸಾಹೇಬರಿಗೆ ಸ್ವಲ್ಪ ದೊಡ್ಡದಾಗಿತ್ತು. ಆರು ಹಾಳೆಯಲ್ಲಿ ಹೊಡೆಯಬಹುದಾದದ್ದನ್ನೆಲ್ಲ ಹೊಡೆದಮೇಲೆ ಉಳಿದದ್ದು ಇಷ್ಟು: 'ಸಾಹೇಬರು ಮೂವತ್ತೆರಡು ವರ್ಷದ ಹಿಂದೆ ಈ ಕಚೇರಿಗೆ ಬಂದರು. ಇವತ್ತು ಹೋಗುತ್ತಿದ್ದಾರೆ. ಎಲ್ಲರಿಗೂ ವಂದನೆಗಳು.' ಅದನ್ನು ನೋಡಿ ಅವನಿಗೇ ದುಃಖವಾಯಿತು. ಒಬ್ಬ ಮನುಷ್ಯನ ಮೂವತ್ತೆರಡು ವರ್ಷ ಎಷ್ಟು ಬೇಗ ಮುಗಿಯುತ್ತದಲ್ಲ ಎನ್ನಿಸಿತು.

ತೆಗೆದುಕೊಂಡು ಹೋದ. ಸಾಹೇಬರ ಎದುರಿಗೆ ಇಬ್ಬರು ಇಂಜಿನಿಯರುಗಳು ಕೂತಿದ್ದರು. ಸಾಹೇಬರು ಹಾಳೆ ಓದಿ, ಮೊದಲ ಬಾರಿಗೆ ಇವನನ್ನು ಮೆಚ್ಚುಗೆಯಿಂದ ನೋಡಿದಂತೆ ಕಂಡಿತು. "ಚೆನ್ನಾಗಿದೆ. ಆದ್ರೆ ಇದೂ ಅಲ್ಲ" ಎಂದು ವಾಪಸು ಕೊಟ್ಟು, ಗಡಿಯಾರದ ಕಡೆ ಬೆರಳು ತೋರಿಸಿದರು. ಬೇಗ ತನ್ನಿ ಎಂದು ಅದರ ಅರ್ಥ.

ಊಟದ ಹೊತ್ತಿಗೆ ಚೀಟಿಯ ಸುದ್ದಿ ಇಡೀ ಕಚೇರಿಗೆ ಹಬ್ಬಿತ್ತು. ಕಂಪ್ಯೂಟರ್ ಆಪರೇಟರ್ ತಾನಾಗಿ ಎದ್ದು ಬಂದ. ಪ್ಯಾಡಿಂಗ್ ಎಂಬುದು ತನ್ನ ದಿನನಿತ್ಯದ ಪದ, ಅದನ್ನು ತನ್ನ ಹತ್ತಿರ ಕೇಳದೆ ಕೋಟು ಹರಿದುಕೊಂಡವನನ್ನು ಕಂಡರೆ ತನಗೆ ಅಯ್ಯೋ ಅನ್ನಿಸುತ್ತದೆ ಎಂದ. ಪರದೆಯ ಮೇಲೆ ಒಂದು ಚೌಕ ಮಾಡಿ, ಒಳಗೆ ನಾಲ್ಕು ಅಕ್ಷರ ಬರೆದು, ಅಕ್ಷರಕ್ಕೂ ಚೌಕದ ಗೆರೆಗೂ ನಡುವೆ ಬಿಟ್ಟ ಬಿಳಿ ಜಾಗವೇ ಪ್ಯಾಡಿಂಗು ಎಂದು ತೋರಿಸಿದ. ಸಾಹೇಬರಿಗೆ ಕೊಡಲು ಕಟ್ಟು ಹಾಕಿಸಿದ ಪ್ರಶಂಸಾಪತ್ರ ಅವನ ಮೇಜಿನ ಮೇಲೇ ಇತ್ತು. ಅದರ ಪ್ರತಿಯನ್ನೂ ಸಾಹೇಬರು ನಿನ್ನೆ ನೋಡಿದ್ದರು. ಸುತ್ತ ನಾಲ್ಕು ಬೆರಳು ಖಾಲಿ ಬಿಟ್ಟು, ನಡುವೆ ಇರುವೆ ಸಾಲಿನಂತೆ ಸಣ್ಣ ಅಕ್ಷರ.

ಇದು ಇನ್ನೂ ಸರಿ ಎನ್ನಿಸಿತು ಹಂಗಾಮಿಗೆ. ಅವನ ತೊಂದರೆಯೇ ಅದು. ಯಾರು ಏನು ಹೇಳಿದರೂ ಹಿಂದಿನವರು ಹೇಳಿದ್ದಕ್ಕಿಂತ ಸರಿ ಎನ್ನಿಸುತ್ತಿತ್ತು. ಆಪರೇಟರ್ ಬಿಳಿ ಜಾಗವನ್ನೆಲ್ಲ ತೆಗೆದು, ಅಕ್ಷರಗಳನ್ನು ಕಾಗದದ ಅಂಚಿನಿಂದ ಅಂಚಿಗೆ ಹಿಗ್ಗಿಸಿ ಅಚ್ಚು ಹಾಕಿದ. ಚೌಕಟ್ಟಿನ ಬೆನ್ನಹಲಗೆ ತೆಗೆದು ಹೊಸ ಹಾಳೆ ಸೇರಿಸಿ, ಮೊಳೆ ಮಡಚಿ, ಹಾಗೇ ಬಟ್ಟೆ ಸುತ್ತಿಟ್ಟ. ಚೌಕಟ್ಟಿನ ಮುಂಭಾಗವನ್ನು ಇಬ್ಬರೂ ತಿರುಗಿಸಿ ನೋಡಲಿಲ್ಲ.

ತೋರಿಸೋಣವೆಂದು ಹೋದರೆ ಸಾಹೇಬರ ಕೋಣೆ ಖಾಲಿ. ಪಂಪ್‌ಹೌಸಿನವರನ್ನು ಕೊನೆಯ ಸಲ ಮಾತಾಡಿಸಲು ಹೋಗಿದ್ದಾರೆ, ನಾಲ್ಕಕ್ಕೆ ಬರುತ್ತಾರೆ ಎಂದ ಅಟೆಂಡರ್. ಹಂಗಾಮಿ ಬಾಗಿಲಿಗೆ ಒರಗಿ ನಿಂತುಬಿಟ್ಟ. ಅವನ ಮುಖ ನೋಡಿ ಅಟೆಂಡರನಿಗೆ ಕನಿಕರ ಹುಟ್ಟಿತು. ಇಪ್ಪತ್ತು ವರ್ಷದಿಂದ ಸಾಹೇಬರ ಬಾಗಿಲಲ್ಲಿ ಕೂತವನು ಅವನು.

"ಅಲ್ಲ ಸ್ವಾಮಿ, ಓದಿದವರ ಹತ್ರ ಹೋದ್ರೆ ಹೀಗೇ ಆಗೋದು. ಆ ಕುರ್ಚಿ ನೋಡಿ" ಎಂದ.

ಸಾಹೇಬರ ಕುರ್ಚಿಗೆ ಹೋದ ತಿಂಗಳು ಹೊಸದಾಗಿ ಕುಶನ್ ಹಾಕಿಸಿದ್ದರು. ಅದು ಉಬ್ಬಿಕೊಂಡು ಎಷ್ಟು ಎತ್ತರವಾಗಿತ್ತೆಂದರೆ, ಸಾಹೇಬರು ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮೇಜಿನ ಕೆಳಗೆ ಕಾಲು ಜೋತಾಡುವುದು ಹೊರಗಿನವರಿಗೆ ಕಾಣದಿರಲೆಂದು ಮುಂದೆ ಹಲಗೆ ಹೊಡೆಸಿಕೊಂಡಿದ್ದರು. ಪ್ಯಾಡಿಂಗ್ ಜಾಸ್ತಿಯಾಯಿತು ಎಂದು ಅವರು ತಮ್ಮ ಬಾಯಿಂದಲೇ ಹೇಳಿದ್ದನ್ನು ಅಟೆಂಡರ್ ಕಿವಿಯಾರೆ ಕೇಳಿದ್ದ. ಕಡೆಯ ದಿನವಾದರೂ ಕಾಲೂರಿ ಕೂರೋಣ ಎಂದು ಅವರಿಗೆ ಆಸೆ ಇರುವುದಿಲ್ಲವೇ ಎಂದು ಕೇಳಿದ.

ಹಂಗಾಮಿಯ ಕಣ್ಣು ಅರಳಿದವು. ತೆಗೆದು ತನ್ನಿ ಎಂದರೆ ಮೆತ್ತೆ ತೆಗೆಸಿ ಕುರ್ಚಿ ತನ್ನಿ! ಇಷ್ಟು ಸರಳವಾದದ್ದು ಬೆಳಿಗ್ಗೆಯಿಂದ ತಲೆಗೆ ಹೊಳೆಯಲಿಲ್ಲವಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ. ಇಬ್ಬರೂ ಕುರ್ಚಿ ಎತ್ತಿಕೊಂಡು ಎದುರು ಬೀದಿಯ ಕುಶನ್ ಅಂಗಡಿಗೆ ಹೊರಟರು. ಕೋಟಿನ ತೋಳು ಅಂಗೈ ಮೀರಿ ಇಳಿಯುತ್ತಿದ್ದುದರಿಂದ ಹಂಗಾಮಿಗೆ ಹಿಡಿತ ಸಿಗುತ್ತಿರಲಿಲ್ಲ. ಬೀದಿ ದಾಟುವಷ್ಟರಲ್ಲಿ ಮೂರು ಸಲ ಕುರ್ಚಿಯನ್ನು ಇಳಿಸಿದರು. ಒಂದು ಸಲ ನಡುರಸ್ತೆಯಲ್ಲೇ ಇಳಿಸಿದ್ದಕ್ಕೆ, ಬಸ್ಸಿನ ಡ್ರೈವರು ಕೂತುಕೊಳ್ಳೋದಾದ್ರೆ ಪಕ್ಕದಲ್ಲಿ ಕೂತ್ಕೊಳ್ಳಿ ಎಂದು ಶಾಂತವಾಗಿ ಹೇಳಿ ಹೋದ.

ಕುಶನ್ ಅಂಗಡಿಯವನು ಕುರ್ಚಿಯನ್ನು ತಲೆಕೆಳಗು ಮಾಡಿ, ಮೊಳೆ ಕಿತ್ತು, ಸ್ಪಂಜಿನ ದಿಂಡನ್ನು ಎಳೆದ. ಅರ್ಧ ಕೈಗೆ ಬಂತು, ಉಳಿದರ್ಧ ಹಳದಿ ಪುಡಿಯಾಗಿ ನೆಲಕ್ಕೆ ಸುರಿಯಿತು. ಹೋದ ತಿಂಗಳು ಹಾಕುವಾಗ ಯಾವುದೋ ಹಳೆಯ ಮಾಲು ಸಿಕ್ಕಿಬಿಟ್ಟಿದೆ, ಹೊಸದು ನಾಳೆ ಬರುತ್ತದೆ ಎಂದು ತಪ್ಪು ಒಪ್ಪಿಕೊಂಡ. ನಾಳೆ! ಗಂಟೆ ಮೂರೂವರೆ ಆಗಿತ್ತು. ಕುರ್ಚಿ ಖಾಲಿ ಚೀಲದಂತೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಇನ್ನು ಅರ್ಧ ಗಂಟೆಯಲ್ಲಿ ಸಾಹೇಬರು ಬಂದು ಬರೀ ಪಟ್ಟಿಯ ಮೇಲೆ ಕೂತರೆ, ಸಹಿ ಹಾಕುವುದಿರಲಿ, ಹಾಕಿದ ಸಹಿಯನ್ನೂ ಹೊಡೆದುಹಾಕಿಯಾರು.

"ಏನಾದ್ರೂ ತುಂಬಿಸಿ ಕೊಡ್ತೀನಿ. ಕಾಗದ ಇದ್ರೂ ನಡೆಯುತ್ತೆ. ಬಿಗಿಯಾಗಿ ತುಂಬಿದ್ರೆ ಒಂದು ವರ್ಷಕ್ಕೆ ಮೋಸ ಇಲ್ಲ" ಎಂದ ಅಂಗಡಿಯವನು.

ಕಾಗದಕ್ಕೆ ನೀರಿನ ಕಚೇರಿಯಲ್ಲಿ ಬರವೇ? ನೀರಿಗೆ ಬರವಿರಬಹುದು. ಹಂಗಾಮಿ ಅಟೆಂಡರನ ಕಡೆ ತಿರುಗಿ, "ಓಡಿ ಅಣ್ಣಾ, ನನ್ನ ಟೇಬಲ್ ಮೇಲೆ ಏನಿದೆಯೋ ಎಲ್ಲ ಬಾಚ್ಕೊಂಡು ಬನ್ನಿ" ಎಂದ. ಹೊಡೆದುಹಾಕಿದ ಭಾಷಣದ ಹಾಳೆಗಳು, ಹಳೆಯ ದೂರುಗಳು, ಬೆಳಿಗ್ಗೆ ತಂದು ಹಾಕಿದ ರಾಶಿ, ಯಾವುದಾದರೇನು? ಇವತ್ತು ಬೇಕಾಗಿರುವ ಕಾಗದ ಒಂದೇ. ಅದು ಸಾಹೇಬರ ಮೇಜಿನ ಮೇಲೆ ಭದ್ರವಾಗಿದೆ. ಆ ಯೋಚನೆಯೊಂದೇ ಬೆಳಿಗ್ಗೆಯಿಂದ ಅವನ ಜೀವ ಹಿಡಿದಿಟ್ಟಿತ್ತು.

ಅಟೆಂಡರ್ ಎರಡು ಸಲ ತೆಕ್ಕೆ ತುಂಬ ತಂದ. ಮೂವರೂ ನೆಲದ ಮೇಲೆ ಕೂತು ಹಾಳೆಗಳನ್ನು ಉಂಡೆ ಮಾಡಿ ಮಾಡಿ ಕುರ್ಚಿಯ ಹೊಟ್ಟೆಗೆ ತುರುಕಿದರು. ಹಂಗಾಮಿಗೆ ನಿಧಾನಕ್ಕೆ ಉಮೇದು ಬಂತು. ಜೇಬಿನಲ್ಲಿದ್ದ ಕೋಟಿನ ಮೆತ್ತೆಗಳನ್ನೂ ಅದಕ್ಕೇ ಸೇರಿಸಿದ. ಅಂಗಡಿಯವನು ರೆಗ್ಸಿನ್ ಎಳೆದು, ಸಾಲಾಗಿ ನಲವತ್ತು ಸಣ್ಣ ಮೊಳೆ ಹೊಡೆದ. ಕುರ್ಚಿ ಹದವಾಗಿ, ತಗ್ಗಾಗಿ, ನೋಡಲು ಲಕ್ಷಣವಾಗಿ ಬಂತು. ನಾಲ್ಕು ಗಂಟೆಗೆ ಐದು ನಿಮಿಷ ಇರುವಾಗ ಅದು ತನ್ನ ಜಾಗದಲ್ಲಿತ್ತು.

ಸಮಾರಂಭ ಸಾಹೇಬರ ಕೋಣೆಯಲ್ಲೇ ನಡೆಯಿತು. ಕಚೇರಿಯ ಹಾಲಿನಲ್ಲಿ ಕೆಟ್ಟ ಮೀಟರುಗಳ ರಾಶಿ ಬಿದ್ದಿದ್ದುದರಿಂದ ಬೇರೆ ಜಾಗವಿರಲಿಲ್ಲ. ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು. ಸರ್ರ್ ಎಂದು ಸದ್ದಾಯಿತು. ಅವರು ಒಂದು ಕ್ಷಣ ಅಲುಗಾಡದೆ ಕೂತು, ಮೇಜಿನ ಕೆಳಗೆ ಬಗ್ಗಿ ನೋಡಿಕೊಂಡರು. ಎರಡೂ ಪಾದ ನೆಲದ ಮೇಲಿದ್ದವು. ಅವರ ಮುಖದ ಮೇಲೆ ಮೆಲ್ಲಗೆ ಒಂದು ನೆಮ್ಮದಿ ಹರಡಿತು. ಹಿಂದಿನ ಸಾಲಿನಲ್ಲಿ ನಿಂತಿದ್ದ ಹಂಗಾಮಿ ಅದನ್ನು ನೋಡಿದ. ಬೆಳಿಗ್ಗೆಯಿಂದ ಇದೇ ಮೊದಲು ಅವನಿಗೆ ಉಸಿರು ಪೂರ್ತಿ ಒಳಗೆ ಹೋಯಿತು.

ಹೆಡ್‌ಕ್ಲರ್ಕ್ ಮೇಡಂ ಭಾಷಣ ಓದಲು ನಿಂತರು, ಓದಿ ಕೂತರು. ಮುಗಿಯಿತೆಂದು ತಿಳಿಯಲು ಜನಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಿದ್ದ ಚಪ್ಪಾಳೆ ಭಾಷಣಕ್ಕಿಂತ ಉದ್ದವಾಗಿತ್ತು.

ಆಪರೇಟರ್ ಪ್ರಶಂಸಾಪತ್ರದ ಬಟ್ಟೆ ಸರಿಸಿ, ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ನಿಲ್ಲಿಸಿದ. ಹಂಗಾಮಿ ಬರೆದದ್ದು ಸಾಲಿಗೊಂದರಂತೆ ನಾಲ್ಕು ಗುಣ: ಅಸಾಮಾನ್ಯ ಆಡಳಿತಗಾರರು, ಅಕಳಂಕ ಚರಿತರು, ನಿಗರ್ವಿ, ನಿಸ್ವಾರ್ಥಿ. ಬಿಳಿ ಜಾಗ ಹೋಗಿ ಅಕ್ಷರಗಳು ಅಂಚಿಗೆ ಬಂದಿದ್ದರಿಂದ, ಪ್ರತಿ ಸಾಲಿನ ಮೊದಲ ಅಕ್ಷರ ಚೌಕಟ್ಟಿನ ಮರದಡಿ ಸೇರಿಹೋಗಿತ್ತು. ಕಾಣುತ್ತಿದ್ದದ್ದು ಇದು:

ಸಾಮಾನ್ಯ ಆಡಳಿತಗಾರರು
ಕಳಂಕ ಚರಿತರು
ಗರ್ವಿ
ಸ್ವಾರ್ಥಿ

ಕಚೇರಿಯವರೆಲ್ಲ ಒಟ್ಟಿಗೆ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳತೊಡಗಿದರು. ಮೂಲೆಯಲ್ಲಿ ಯಾರೋ, ಈಗ ಸರಿಯಾಗಿ ಬಂದಿದೆ ಎಂದು ಪಿಸುಗುಟ್ಟಿದ್ದು ಹಂಗಾಮಿಗೆ ಕೇಳಿಸಿತು. ಅವನಿಗೆ ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಎನ್ನಿಸಿತು. ಕೋಟಿನೊಳಗಾದರೂ ಜಾಗವಿತ್ತು, ಕತ್ತನ್ನು ಆದಷ್ಟು ಒಳಗೆಳೆದುಕೊಂಡ.

ಸಾಹೇಬರು ಕನ್ನಡಕ ಹಾಕಿಕೊಂಡು ಓದಿದರು. ಒರೆಸಿ ಹಾಕಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಆ ಕಚೇರಿಯಲ್ಲಿ ಮೂವತ್ತೆರಡು ವರ್ಷದಲ್ಲಿ ಯಾರೂ ಕಾಣದ ಒಂದು ಘಟನೆ ನಡೆಯಿತು: ಸಾಹೇಬರು ನಕ್ಕರು. ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ಕುರ್ಚಿಯೂ ಸರಸರ ಎಂದು ಅವರ ಜೊತೆಗೂಡಿತು.

"ಇರಲಿ ಬಿಡಿ, ಸರಿ ಮಾಡಬೇಡಿ. ಮನೆಯಲ್ಲಿ ನಮ್ಮವಳಿಗೆ ಇದೇ ಇಷ್ಟ ಆಗುತ್ತೆ" ಎಂದರು.

ಹೊಸ ಅಧಿಕಾರಿ ಆಗಲೇ ಬಂದು, ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ನಡುವಯಸ್ಸಿನ ಹೆಂಗಸು, ತೊಡೆಯ ಮೇಲೆ ದಪ್ಪನೆಯದೊಂದು ಡೈರಿ. ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಸಾಹೇಬರು ಬೆರಳಾಡಿಸಿ ಹಂಗಾಮಿಯನ್ನು ಹತ್ತಿರ ಕರೆದರು. ಇನ್ನು ಹೋಗುವವರು ತಾನೇ, ಮಾತಿನ ಮೂಟೆ ಸ್ವಲ್ಪ ಬಿಚ್ಚಿದರು.

"ಅಲ್ರೀ, ಭಾಷಣಕ್ಕೆ ಕತ್ತರಿ ಹಾಕಿದ್ರಿ, ಕೋಟಿಗೂ ಹಾಕಿದ್ರಿ. ನಿಮ್ಮ ಅರ್ಜಿ ಎಲ್ಲಿ? ಬೆಳಿಗ್ಗೆ ಅದಕ್ಕೆ ಚೀಟಿ ಚುಚ್ಚಿ ಕಳಿಸಿದ್ದೆನಲ್ಲ."

ಹಂಗಾಮಿಗೆ ಚೀಟಿಯ ಮೂಲೆಯ ಎರಡು ತೂತು ಆಗ ಕಣ್ಣಿಗೆ ಕಟ್ಟಿದವು.

ಸಾಹೇಬರೇ ಹೇಳಿದರು. ಅರ್ಜಿಯ ಮೊದಲ ಪುಟವೆಲ್ಲ ಮನುಕುಲಕ್ಕೆ ನೀರು ಎಷ್ಟು ಮುಖ್ಯ ಎಂಬುದೇ ಆಗಿದೆ. ಎರಡನೆಯದರಲ್ಲಿ ಗುಮಾಸ್ತರ ಕೈಬರಹ ಸಮಾಜಕ್ಕೆ ಮಾಡುವ ಸೇವೆ. ತನ್ನನ್ನು ಕಾಯಂ ಮಾಡಿ ಎಂಬ ಮಾತು ನಾಲ್ಕನೆಯ ಪುಟದ ಕೆಳಗಡೆ ಸಿಕ್ಕಿತು, ಅದೂ ಎರಡನೆಯ ಸಲ ಓದಿದಾಗ. ಮೇಲಿನ ಕಚೇರಿಯವರು ಇಷ್ಟು ಉದ್ದದ್ದನ್ನು ಓದುವುದಿಲ್ಲ. ಒಂದು ಸಾಲಿನಲ್ಲಿ ಬರೆದು ಹಳೆಯದರ ಮೇಲೆ ಹಚ್ಚಿ ತಂದರೆ ಸಾಕಿತ್ತು. "ಬೆಳಿಗ್ಗೆಯಿಂದ ಪೆನ್ನಿನ ಮುಚ್ಚಳ ತೆಗೆದಿಟ್ಕೊಂಡು ಕೂತಿದ್ದೀನಿ" ಎಂದರು. "ಇನ್ನೂ ಹತ್ತು ನಿಮಿಷ ಇದೆ. ಓಡಿ."

ಹಂಗಾಮಿ ಓಡಿದ. ಮೇಜಿನ ಮೇಲೆ ಗೋಂದಿನ ಬಾಟಲಿಯೊಂದೇ ನಿಂತಿತ್ತು. ಅವನು ಅದನ್ನು ಎತ್ತಿ ಅದರಡಿಯಲ್ಲೂ ನೋಡಿದ. ಹಿಂದೆಯೇ ಬಂದ ಅಟೆಂಡರನ ಕಡೆ ತಿರುಗಿದ. ಅಟೆಂಡರ್ ಕತ್ತನ್ನು ಮೆಲ್ಲಗೆ ಸಾಹೇಬರ ಕೋಣೆಯ ಕಡೆ ತಿರುಗಿಸಿ, ಅಲ್ಲಿಂದ ಕುರ್ಚಿಯ ಎತ್ತರಕ್ಕೆ ತಗ್ಗಿಸಿದ. ಇಬ್ಬರಿಗೂ ಒಟ್ಟಿಗೆ ತಿಳಿಯಿತು.

ಅಳು ಬಂತು ಹಂಗಾಮಿಗೆ. ಆದರೂ ಹಾಳೆಯೊಂದನ್ನು ಎಳೆದುಕೊಂಡು, 'ನಾನು ಮೂರು ವರ್ಷದಿಂದ ಹಂಗಾಮಿ. ದಯವಿಟ್ಟು ಕಾಯಂ ಮಾಡಿ' ಎಂದು ಬರೆದ. ಹುಟ್ಟಿದಂದಿನಿಂದ ಅವನು ಬರೆದ ಅತಿ ಚಿಕ್ಕ ಬರಹ ಅದು. ಅದನ್ನು ಹಿಡಿದು ಬಂದು ಮೇಜಿನ ಮೇಲಿಟ್ಟ.

ಸಾಹೇಬರು ಓದಿ ತಲೆಯಾಡಿಸಿದರು. "ಇದು ಬರವಣಿಗೆ. ಎಲ್ಲಿ, ಹಳೇದು? ಶಿಫಾರಸು ಇರೋದು ಅದರ ಬೆನ್ನಿಗೆ. ಅದಿಲ್ದೆ ಸಹಿ ಹಾಕಿದ್ರೆ ನಡೆಯಲ್ಲ."

ಹಂಗಾಮಿ ಬಾಯಿ ತೆರೆದ. ಸರ್, ತಾವು ಅದರ ಮೇಲೆ ಕೂತಿದ್ದೀರಿ ಎಂದು ಹೇಳಬೇಕು. ತಾವು ಎದ್ದರೆ ಕುರ್ಚಿ ಮಗುಚಿ, ನಲವತ್ತು ಮೊಳೆ ಕಿತ್ತು, ಇನ್ನೂರು ಉಂಡೆಗಳಲ್ಲಿ ನಾಲ್ಕನ್ನು ಹುಡುಕಿ, ಬಿಡಿಸಿ, ಇಸ್ತ್ರಿ ಮಾಡಿ ಕೊಡುತ್ತೇನೆ ಎನ್ನಬೇಕು. ಒಂದು ವಿಷಯ ಹೇಳಲು ಎರಡು ಹಾಳೆ ಬೇಕಾಗುವವನು ಇಷ್ಟನ್ನು ಒಂಬತ್ತು ನಿಮಿಷದಲ್ಲಿ ಹೇಗೆ ಹೇಳಿಯಾನು? ಮೇಡಂ ಇನ್ನೊಂದು ಶಿಫಾರಸು ಬರೆಯೋಣವೆಂದು ಕೂತರು. ಅವರು ದಿನಾಂಕ ಬರೆದು, ಮೊಹರು ಹುಡುಕಿ, ಶಾಯಿಯ ಪ್ಯಾಡು ಒಣಗಿದೆಯೆಂದು ಅದಕ್ಕೆ ನೀರು ಚಿಮುಕಿಸುವಷ್ಟರಲ್ಲಿ ಗಡಿಯಾರ ಐದು ಹೊಡೆಯಿತು.

ಸಾಹೇಬರು ಎದ್ದರು. ನಿಯಮ ಅಂದರೆ ನಿಯಮ; ಮೂವತ್ತೆರಡು ವರ್ಷ ಐದರ ಮೇಲೆ ಒಂದೂ ಸಹಿ ಹಾಕಿದವರಲ್ಲ. ಪೆನ್ನಿಗೆ ಮುಚ್ಚಳ ತಿರುಗಿಸಿ, ಹಂಗಾಮಿಯ ಜಾರಿದ ಭುಜವನ್ನು ಹುಡುಕಿ ತಟ್ಟಿ, "ಇವರು ಒಳ್ಳೆಯವರು. ನಿಮ್ಮ ವಿಷಯ ನಾನು ಹೇಳಿದೀನಿ ಇವರಿಗೆ" ಎಂದು ಹೊಸ ಅಧಿಕಾರಿಯ ಕಡೆ ಕೈ ತೋರಿಸಿದರು. ಅವರ ದನಿಯಲ್ಲಿ ನಿಜವಾದ ವ್ಯಥೆಯಿತ್ತು. ಚೌಕಟ್ಟನ್ನು ಕಂಕುಳಲ್ಲಿ ಹಿಡಿದು ಮೆಟ್ಟಿಲಿಳಿದು ಹೋದರು.

ಕೋಣೆ ಖಾಲಿಯಾಯಿತು. ಕುರ್ಚಿಯೂ ಒಂದೇ ಒಂದು ಗಳಿಗೆ ಖಾಲಿಯಾಗಿತ್ತು. ಹಂಗಾಮಿ ಅದರ ಕಡೆ ಒಂದು ಹೆಜ್ಜೆ ಇಟ್ಟ. ಅಷ್ಟರಲ್ಲಿ ಹೊಸ ಅಧಿಕಾರಿ ಬಂದು ಅದರಲ್ಲಿ ಕೂತರು.

ಸರ್ರ್.

ಅವರು ಮೇಜಿನ ಮೇಲಿದ್ದ ಒಂದು ಸಾಲಿನ ಅರ್ಜಿ ಓದಿದರು. ಹಾಳೆ ತಿರುಗಿಸಿ ಹಿಂದೆ ನೋಡಿದರು. ಮತ್ತೆ ಮುಂದೆ ನೋಡಿದರು.

"ಇಷ್ಟೇನಾ? ಮೂರು ವರ್ಷ ಕೆಲಸ ಮಾಡಿದೀರಿ, ನಿಮ್ಮ ಬಗ್ಗೆ ಹೇಳೋಕೆ ಏನೂ ಇಲ್ವಾ? ನಾನು ಬೇಜಾರು ಮಾಡ್ಕೊಳ್ದೆ ಎಲ್ಲ ಓದೋಳು. ನನಗೆ ವಿವರ ಬೇಕು. ಕಡೇಪಕ್ಷ ನಾಲ್ಕು ಪುಟ ಬರೀರಿ, ಶಿಫಾರಸು ಮಾಡಿಸಿ. ಒಂದಾರು ತಿಂಗಳು ನಿಮ್ಮ ಕೆಲಸ ನೋಡಿ ಆಮೇಲೆ ಯೋಚನೆ ಮಾಡೋಣ."

"ಆಗಲಿ ಮೇಡಂ" ಎಂದ ಹಂಗಾಮಿ.

ಅವರು ಹಾಯಾಗಿ ಹಿಂದಕ್ಕೆ ಒರಗಿ, ಸ್ವಲ್ಪ ಆಚೀಚೆ ಸರಿದು ಕೂತರು. ಮುಖದಲ್ಲಿ ಮೆಚ್ಚುಗೆ ಮೂಡಿತು. ಅಟೆಂಡರನನ್ನು ಕರೆದು, ಈ ಕುರ್ಚಿಯನ್ನು ಇನ್ನು ಯಾರೂ ಬದಲಾಯಿಸಬಾರದು, ಬಿಚ್ಚಬಾರದು, ಮುಟ್ಟಲೂ ಬಾರದು ಎಂದು ಕಟ್ಟಪ್ಪಣೆ ಮಾಡಿದರು. ತಮ್ಮ ಬೆನ್ನುನೋವಿಗೆ ಇಷ್ಟು ಹದವಾದ ಕುರ್ಚಿ ಯಾವ ಕಚೇರಿಯಲ್ಲೂ ಸಿಕ್ಕಿರಲಿಲ್ಲ ಎಂದರು.

ಆಮೇಲೆ ಇನ್ನೂ ಅಲ್ಲೇ ನಿಂತಿದ್ದ ಹಂಗಾಮಿಯ ಕಡೆ ತಿರುಗಿ, "ಏನ್ರೀ ತುಂಬಿಸಿದೀರಿ ಇದರೊಳಗೆ?" ಎಂದು ಕೇಳಿದರು.

"ವಿವರ, ಮೇಡಂ" ಎಂದ ಹಂಗಾಮಿ.